ಟಾಮ್‌ಕ್ಯಾಟ್‌ನಿಂದ ಮೇಲ್ ಹೋಗುತ್ತಿಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಜಾವಾದಲ್ಲಿ ಬರೆದ ವೆಬ್ ಅಪ್ಲಿಕೇಶನ್, ಅಂಥವನ್ನು ಓಡಿಸುವ ಟಾಮ್‌ಕ್ಯಾಟ್ ಸರ್ವರ್‌ನಲ್ಲಿ ಚೆನ್ನಾಗಿಯೇ ಓಡುತ್ತಿರುತ್ತದೆ. ಆದರೆ ಒಟಿಪಿ, ರಸೀದಿ, ಪಾಸ್‌ವರ್ಡ್ ಬದಲಿಸುವ ಕೊಂಡಿ ಮಾತ್ರ ಯಾರ ಇನ್‌ಬಾಕ್ಸಿಗೂ ತಲುಪುವುದಿಲ್ಲ. ಸಹೋದ್ಯೋಗಿಗಳು, ವಿದ್ಯಾರ್ಥಿಗಳು, ಸಣ್ಣ ಕಂಪನಿಗಳ ಸರ್ವರ್ ನೋಡಿಕೊಳ್ಳುವವರು ಈ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉದಾಹರಣೆಗಳು ಟಾಮ್‌ಕ್ಯಾಟ್ ಮತ್ತು ಜಾವಾಮೇಲ್‌ನವು (ಜಾವಾದಿಂದ ಮೇಲ್ ಕಳಿಸುವ ಲೈಬ್ರರಿ ಇದು). ವೈಲ್ಡ್‌ಫ್ಲೈ, ಪಯಾರಾದಂಥ ಬೇರೆ ಸರ್ವರ್ ಬಳಸುವವರಿಗೆ ಸೆಟ್ಟಿಂಗ್ ಬರೆಯುವ ಜಾಗ ಬೇರೆಯಾದರೂ ಕಾಡುವ ತೊಂದರೆಗಳು ಇವೇ. ಸೆಟ್ಟಿಂಗ್‌ಗಳ ಹೆಸರನ್ನೂ ದೋಷ ಸಂದೇಶಗಳನ್ನೂ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಕಡತದಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು.

## ಮೊದಲು ನೋಡಬೇಕಾದದ್ದು

ಮೇಲ್ ಹೋಗುತ್ತಿಲ್ಲ. ಎಲ್ಲಿಂದ ಹುಡುಕಲು ಶುರು ಮಾಡಲಿ?

‘ಹೋಗುತ್ತಿಲ್ಲ’ ಎನ್ನುವ ದೂರಿನಲ್ಲಿ ನಾಲ್ಕು ಬೇರೆ ಬೇರೆ ಸಂಗತಿಗಳು ಅಡಗಿರುತ್ತವೆ. ಕಳಿಸುವ ಕೋಡ್ ಓಡಿಯೇ ಇಲ್ಲದಿರಬಹುದು. ಓಡಿದರೂ ಮೇಲ್ ಸರ್ವರ್‌ನ ಸಂಪರ್ಕ ಸಿಗದಿರಬಹುದು. ಸಂಪರ್ಕ ಸಿಕ್ಕಿ, ಸರ್ವರ್ ಬೇಡವೆಂದು ಹೇಳಿರಬಹುದು. ಇಲ್ಲವೇ ಸರ್ವರ್ ಒಪ್ಪಿಕೊಂಡ ಮೇಲೆ ಮುಂದೆಲ್ಲೋ ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದಿರಬಹುದು. ಯಾವ ಹಂತದಲ್ಲಿ ನಿಂತಿದೆ ಎಂದು ತಿಳಿಯುವ ಮೊದಲೇ ಪೋರ್ಟ್ ಬದಲಿಸುವುದು, ಪಾಸ್‌ವರ್ಡ್ ಬದಲಿಸುವುದು, ಕೊನೆಗೆ ಟಾಮ್‌ಕ್ಯಾಟನ್ನೇ ಮತ್ತೆ ಅನುಸ್ಥಾಪಿಸುವುದು, ಇವೆಲ್ಲ ಕತ್ತಲಲ್ಲಿ ತಡಕಾಡುವ ಕೆಲಸ. ಮೊದಲು ಲಾಗ್ ತೆರೆಯಿರಿ. ಅಲ್ಲಿ ದೋಷವೇ ಕಾಣದಿದ್ದರೆ, ಯಾರೋ ಖಾಲಿ ಕ್ಯಾಚ್ ಬ್ಲಾಕ್ ಬರೆದು ಎಕ್ಸೆಪ್ಶನ್ (ಜಾವಾ ಕೊಡುವ ದೋಷ ಸೂಚನೆ) ನುಂಗಿ ಹಾಕಿದ್ದಾರೆಯೇ ಎಂದು ಕೋಡ್‌ನಲ್ಲಿ ನೋಡಿ. ಬಹಳ ಸಲ ತನಿಖೆ ಅಲ್ಲಿಗೇ ಮುಗಿಯುತ್ತದೆ.

ಡೀಬಗ್ ಆನ್ ಮಾಡಿ ಎನ್ನುತ್ತಾರೆ. ಅದನ್ನು ಎಲ್ಲಿ ಮಾಡಬೇಕು, ಏನು ಓದಬೇಕು?

‘ಮೇಲ್.ಡೀಬಗ್’ ಎಂಬ ಪ್ರಾಪರ್ಟಿಗೆ ‘ಟ್ರೂ’ ಎಂದು ಕೊಡಿ. ಅಪ್ಲಿಕೇಶನ್ ಮತ್ತು ಮೇಲ್ ಸರ್ವರ್ ನಡುವಿನ ಸಂಭಾಷಣೆಯೆಲ್ಲ (ಅದರ ಭಾಷೆಗೆ ಎಸ್‌ಎಂಟಿಪಿ ಎಂದು ಹೆಸರು) ಟಾಮ್‌ಕ್ಯಾಟ್‌ನ ಲಾಗ್ ಆದ ‘ಕ್ಯಾಟಲಿನಾ.ಔಟ್’ ಕಡತಕ್ಕೆ ಬರುತ್ತದೆ. ಸಂಭಾಷಣೆಯ ಕ್ರಮ ಹೀಗಿರುತ್ತದೆ: ಸರ್ವರ್ 220 ಎಂದು ಸ್ವಾಗತಿಸುತ್ತದೆ. ನಮ್ಮ ಕಡೆಯಿಂದ ‘ಇಎಚ್‌ಎಲ್‌ಒ’ ಎಂಬ ನಮಸ್ಕಾರ ಹೋಗುತ್ತದೆ. ಸರ್ವರ್ ತನಗೆ ಏನೇನು ಬರುತ್ತದೆ ಎಂದು 250ರ ಸಾಲುಗಳಲ್ಲಿ ಹೇಳುತ್ತದೆ. ಸ್ಟಾರ್ಟ್‌ಟಿಎಲ್‌ಎಸ್ (ಗೂಢಲಿಪಿಗೆ ತಿರುಗುವ ಆದೇಶ), ಆಥ್ (ಲಾಗಿನ್), ಗರಿಷ್ಠ ಗಾತ್ರ ಎಲ್ಲವೂ ಅಲ್ಲಿ ಕಾಣುತ್ತವೆ. ಲಾಗಿನ್ ಆದರೆ 235. ಕಳಿಸುವವರ ವಿಳಾಸಕ್ಕೆ 250, ಪ್ರತಿ ಸ್ವೀಕರಿಸುವವರ ವಿಳಾಸಕ್ಕೂ 250. ‘ಡೇಟಾ’ ಎಂದಾಗ 354, ಮೇಲ್‌ನ ಒಡಲು ಹೋಗಿ ಕೊನೆಗೊಂದು ಚುಕ್ಕಿ ಬಿದ್ದ ಮೇಲೆ ಮತ್ತೆ 250.

ಆ ಕೊನೆಯ 250 ಬಂದಿದೆಯೆಂದರೆ ಜಾವಾ ಕೋಡ್ ಮುಟ್ಟಬೇಡಿ. ಮೇಲ್ ನಿಮ್ಮ ಕೈಬಿಟ್ಟು ಆಚೆ ಹೋಗಿದೆ. ಅದಕ್ಕೂ ಮೊದಲು 4 ಅಥವಾ 5ರಿಂದ ಶುರುವಾಗುವ ಅಂಕಿ ಬಂದಿದ್ದರೆ ಆ ಸಾಲನ್ನು ಪೂರ್ತಿ ಓದಿ. ಬಹಳಷ್ಟು ಸರ್ವರ್‌ಗಳು ಕಾರಣವನ್ನು ಅಲ್ಲೇ ಬರೆದಿರುತ್ತವೆ, ಆದರೂ ಓದುವವರು ಕಡಿಮೆ.

ಪಾಸ್‌ವರ್ಡನ್ನು ಜಾವಾಮೇಲ್ ತಾನಾಗಿಯೇ ಮರೆಮಾಡುತ್ತದೆ. ಮೇಲ್‌ನ ಒಡಲನ್ನು ಮರೆಮಾಡುವುದಿಲ್ಲ. ಹಾಗಾಗಿ ಗ್ರಾಹಕರ ಒಟಿಪಿಗಳು ಲಾಗ್‌ನಲ್ಲಿ ಕೂರುತ್ತವೆ. ಕೆಲಸ ಮುಗಿದ ಕೂಡಲೇ ಡೀಬಗ್ ಆರಿಸಿ.

25, 465, 587. ಇದರಲ್ಲಿ ಯಾವ ಪೋರ್ಟ್?

ಅಪ್ಲಿಕೇಶನ್‌ನಿಂದ ಮೇಲ್ ಒಪ್ಪಿಸಲು 587 ಅಥವಾ 465. ಪೋರ್ಟ್ 25 ಇರುವುದು ಒಂದು ಮೇಲ್ ಸರ್ವರ್ ಇನ್ನೊಂದರ ಜೊತೆ ಮಾತಾಡಲು. 587ರಲ್ಲಿ ಮಾತು ಬಯಲಾಗಿ ಶುರುವಾಗಿ, ಸ್ಟಾರ್ಟ್‌ಟಿಎಲ್‌ಎಸ್ ಎಂದ ಮೇಲೆ ಗೂಢಲಿಪಿಗೆ ತಿರುಗುತ್ತದೆ. 465ರಲ್ಲಿ ಮೊದಲ ಅಕ್ಷರದಿಂದಲೇ ಟಿಎಲ್‌ಎಸ್, ಅಂದರೆ ಗೂಢಲಿಪಿ, ಇರುತ್ತದೆ. 2018ರ ಆರ್‌ಎಫ್‌ಸಿ 8314 ಎಂಬ ಅಂತರ್ಜಾಲ ಮಾನದಂಡ ಎರಡನೆಯದಕ್ಕೇ ಹೆಚ್ಚು ಒಲವು ತೋರಿದೆ.

ಎಡವಟ್ಟಾಗುವುದು ಇವೆರಡನ್ನು ಕಲಸಿದಾಗ. 587ಕ್ಕೆ ‘ಮೇಲ್.ಎಸ್‌ಎಂಟಿಪಿ.ಎಸ್‌ಎಸ್‌ಎಲ್.ಎನೇಬಲ್’ ಕೊಟ್ಟರೆ ‘ಅನ್‌ಸಪೋರ್ಟೆಡ್ ಆರ್ ಅನ್‌ರೆಕಗ್ನೈಸ್ಡ್ ಎಸ್‌ಎಸ್‌ಎಲ್ ಮೆಸೇಜ್’ ಎಂಬ ದೋಷ ಬರುತ್ತದೆ. 465ಕ್ಕೆ ಬರೀ ಸ್ಟಾರ್ಟ್‌ಟಿಎಲ್‌ಎಸ್ ಕೊಟ್ಟರೆ ದೋಷವೂ ಬರುವುದಿಲ್ಲ. ನಮ್ಮವರು ಸ್ವಾಗತದ ಸಾಲಿಗೆ ಕಾಯುತ್ತಾರೆ, ಸರ್ವರ್ ಟಿಎಲ್‌ಎಸ್‌ನ ಮೊದಲ ಹೆಜ್ಜೆಗೆ ಕಾಯುತ್ತದೆ, ಇಬ್ಬರೂ ಸುಮ್ಮನೆ ಕೂತಿರುತ್ತಾರೆ. ಇನ್ನೊಂದು ಮಾತು: ‘ಸ್ಟಾರ್ಟ್‌ಟಿಎಲ್‌ಎಸ್.ಎನೇಬಲ್’ ಒಂದೇ ಇದ್ದರೆ, ಸರ್ವರ್ ಆ ಸೌಲಭ್ಯ ಕೊಡದಿದ್ದಾಗ ಮೇಲ್ ಬಯಲಾಗಿಯೇ ಹೋಗಿಬಿಡುತ್ತದೆ. ಜೊತೆಗೆ ‘ಸ್ಟಾರ್ಟ್‌ಟಿಎಲ್‌ಎಸ್.ರಿಕ್ವೈರ್ಡ್’ ಕೂಡ ಹಾಕಿ.

ನನ್ನ ಲ್ಯಾಪ್‌ಟಾಪ್‌ನಿಂದ ಹೋಗುತ್ತದೆ, ಕ್ಲೌಡ್ ಸರ್ವರ್‌ನಿಂದ ಹೋಗುವುದಿಲ್ಲ. ಕೋಡ್ ಒಂದೇ ಅಲ್ಲವೇ?

ಕೋಡ್ ಒಂದೇ, ದಾರಿ ಬೇರೆ. ಅಮೆಜಾನ್‌ನ ಇಸಿ2 ಮತ್ತು ಗೂಗಲ್ ಕ್ಲೌಡ್ ಹೊರಹೋಗುವ ಪೋರ್ಟ್ 25ನ್ನು ಮೊದಲಿನಿಂದಲೇ ಮುಚ್ಚಿಟ್ಟಿರುತ್ತವೆ. ಸ್ಪ್ಯಾಮ್ ಹರಡುವವರ ಕಾಟ ತಡೆಯಲು ಮಾಡಿದ ಏರ್ಪಾಡು ಅದು. ದೋಷ ಸಂದೇಶದಲ್ಲೂ ಸುಳಿವಿದೆ. ‘ಕನೆಕ್ಷನ್ ಟೈಮ್ಡ್ ಔಟ್’ ಎಂದರೆ ನಡುವೆ ಯಾವುದೋ ಫೈರ್‌ವಾಲ್ ಸದ್ದಿಲ್ಲದೆ ನುಂಗುತ್ತಿದೆ. ‘ಕನೆಕ್ಷನ್ ರೆಫ್ಯೂಸ್ಡ್’ ಎಂದರೆ ಯಂತ್ರ ಸಿಕ್ಕಿದೆ, ಆದರೆ ಆ ಪೋರ್ಟಿನಲ್ಲಿ ಯಾರೂ ಕಿವಿಗೊಟ್ಟು ಕೂತಿಲ್ಲ.

ಡಾಕರ್ (ಅಪ್ಲಿಕೇಶನ್ ಅನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ವ್ಯವಸ್ಥೆ) ಬಳಸುವವರು ‘ರೆಫ್ಯೂಸ್ಡ್’ ಕಂಡರೆ ಮೊದಲು ಹೋಸ್ಟ್ ಹೆಸರು ನೋಡಿ. ಕಂಟೇನರ್ ಒಳಗೆ ‘ಲೋಕಲ್‌ಹೋಸ್ಟ್’ ಎಂದರೆ ಆ ಕಂಟೇನರೇ. ಹೊರಗಿನ ಯಂತ್ರದಲ್ಲಿರುವ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ಅಲ್ಲ.

ಜಾವಾ ಬಿಟ್ಟು, ಕೈಯಿಂದಲೇ ಪರೀಕ್ಷಿಸಬಹುದೇ?

ಬಹುದು, ಮಾಡಲೂಬೇಕು. ಟಾಮ್‌ಕ್ಯಾಟ್ ಇರುವ ಯಂತ್ರದಲ್ಲೇ ಕೂತು ‘ಓಪನ್‌ಎಸ್‌ಎಸ್‌ಎಲ್ ಎಸ್_ಕ್ಲೈಂಟ್’ ಆದೇಶಕ್ಕೆ ‘ಸ್ಟಾರ್ಟ್‌ಟಿಎಲ್‌ಎಸ್ ಎಸ್‌ಎಂಟಿಪಿ’ ಎಂಬ ಆಯ್ಕೆ ಕೊಟ್ಟು 587ಕ್ಕೆ ಸಂಪರ್ಕಿಸಿ. ಸರ್ಟಿಫಿಕೇಟ್ ಸರಣಿ ಕಾಣುತ್ತದೆ, ಆಮೇಲೆ ಆದೇಶಗಳನ್ನು ನೀವೇ ಟೈಪ್ ಮಾಡಬಹುದು. ಒಂದು ಹಳ್ಳ ಇದೆ, ಎಚ್ಚರ: ಸಾಲಿನ ಮೊದಲಿಗೆ ದೊಡ್ಡಕ್ಷರದ ‘ಆರ್’ ಬಂದರೆ ಈ ಉಪಕರಣ ಅದನ್ನು ತನಗೆ ಕೊಟ್ಟ ಆದೇಶವೆಂದು ತಿಳಿದು ಟಿಎಲ್‌ಎಸ್ ಮಾತುಕತೆಯನ್ನು ಮತ್ತೆ ಶುರು ಮಾಡಲು ಹೋಗುತ್ತದೆ. ‘ಆರ್‌ಸಿಪಿಟಿ ಟು’ ಸಾಲು ಸರ್ವರ್‌ಗೆ ತಲುಪುವುದೇ ಇಲ್ಲ. ಚಿಕ್ಕಕ್ಷರಗಳಲ್ಲಿ ಟೈಪ್ ಮಾಡಿದರೆ ಸಮಸ್ಯೆಯಿಲ್ಲ. ಇಷ್ಟೆಲ್ಲ ಬೇಡ ಎನ್ನುವವರಿಗೆ ‘ಸ್ವಾಕ್ಸ್’ ಎಂಬ ಉಪಕರಣ ಒಂದೇ ಸಾಲಿನಲ್ಲಿ ಪೂರ್ತಿ ಸಂಭಾಷಣೆ ನಡೆಸಿ ತೋರಿಸುತ್ತದೆ.

ಬರೀ ಪರೀಕ್ಷೆಗೆ ನಿಜವಾದ ಮೇಲ್ ಕಳಿಸಲೇಬೇಕೇ?

ಬೇಡ. ಮೇಲ್‌ಪಿಟ್ ಎಂಬ ಪುಟ್ಟ ಸರ್ವರ್ ಬಂದ ಮೇಲನ್ನೆಲ್ಲ ಹಿಡಿದಿಟ್ಟುಕೊಂಡು ಬ್ರೌಸರ್‌ನಲ್ಲಿ ತೋರಿಸುತ್ತದೆ, ಯಾರಿಗೂ ಕಳಿಸುವುದಿಲ್ಲ. ಜೆಯೂನಿಟ್‌ನಲ್ಲಿ ಬರೆದ ಸ್ವಯಂಚಾಲಿತ ಕೋಡ್ ಪರೀಕ್ಷೆಗಳಿಗೆ ಗ್ರೀನ್‌ಮೇಲ್ ಒಳ್ಳೆಯದು. ಪರೀಕ್ಷೆಯ ಡೇಟಾಬೇಸಿನಲ್ಲಿ ನಿಜವಾದ ಗ್ರಾಹಕರ ವಿಳಾಸಗಳಿದ್ದರಂತೂ ಇದು ಕಡ್ಡಾಯ ಎಂದೇ ಹೇಳುತ್ತೇನೆ.

## ಲಾಗಿನ್ ಮತ್ತು ಸರ್ಟಿಫಿಕೇಟ್

ಪಾಸ್‌ವರ್ಡ್ ಸರಿಯಾಗಿದೆ. ಬ್ರೌಸರ್‌ನಲ್ಲಿ ಲಾಗಿನ್ ಆಗುತ್ತದೆ. ಜಿಮೇಲ್ ಮಾತ್ರ 535 ಎನ್ನುತ್ತದೆ.

535 ಎಂದರೆ ಲಾಗಿನ್ ಒಪ್ಪಿಲ್ಲ ಎಂದರ್ಥ. ಬ್ರೌಸರ್‌ನ ಪಾಸ್‌ವರ್ಡ್ ಇಲ್ಲಿ ನಡೆಯುವುದಿಲ್ಲ. ವೈಯಕ್ತಿಕ ಖಾತೆಗಳಿಗೆ ‘ಕಡಿಮೆ ಸುರಕ್ಷಿತ ಆ್ಯಪ್’ ಎಂಬ ಅನುಮತಿಯನ್ನು ಗೂಗಲ್ 2022ರ ಮೇ 30ರಂದು ತೆಗೆದುಹಾಕಿತು. ಈಗ ಖಾತೆಯಲ್ಲಿ ಎರಡು ಹಂತದ ಪರಿಶೀಲನೆ ಆನ್ ಮಾಡಿ, 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಪಡೆದು ಅದನ್ನು ಬಳಸಬೇಕು, ಅಥವಾ ಓಆಥ್ (ಪಾಸ್‌ವರ್ಡ್ ಬದಲು ಟೋಕನ್ ಕೊಡುವ ವಿಧಾನ) ಮೂಲಕ ಹೋಗಬೇಕು. ಹಳೆಯ ಪಾಠಗಳಲ್ಲಿ ಇನ್ನೂ ಆ ಅನುಮತಿಯ ಚಿತ್ರವೇ ಇದೆ, ನೋಡಿ ಮೋಸಹೋಗಬೇಡಿ.

ಮೈಕ್ರೋಸಾಫ್ಟ್ 365 ಬಳಸುವವರಿಗೆ ಅದೇ 535ರ ಜೊತೆ 5.7.139 ಎಂಬ ಅಂಕಿ ಬಂದರೆ, ಸಂಸ್ಥೆಯ ಮಟ್ಟದಲ್ಲೇ ಎಸ್‌ಎಂಟಿಪಿ ಲಾಗಿನ್ ಮುಚ್ಚಿರುವ ಸಾಧ್ಯತೆ ಹೆಚ್ಚು, ಆಡಳಿತಗಾರರನ್ನೇ ಕೇಳಬೇಕು. ಅಮೆಜಾನ್‌ನ ಮೇಲ್ ಸೇವೆಯಾದ ಎಸ್‌ಇಎಸ್ ಬಳಸುವವರು ಖಾತೆಯ ಸಾಮಾನ್ಯ ಆ್ಯಕ್ಸೆಸ್ ಕೀ ಹಾಕಿ ಒದ್ದಾಡುತ್ತಾರೆ. ಎಸ್‌ಎಂಟಿಪಿಗೆ ಬೇರೆಯೇ ಪಾಸ್‌ವರ್ಡ್ ಇದೆ, ಅದೂ ಪ್ರತಿ ಪ್ರದೇಶಕ್ಕೆ ಬೇರೆ. ಮುಂಬೈಯದು ಸಿಂಗಪುರದಲ್ಲಿ ನಡೆಯದು.

ಯೂಸರ್, ಪಾಸ್‌ವರ್ಡ್ ಎರಡನ್ನೂ ಪ್ರಾಪರ್ಟಿಯಲ್ಲಿ ಬರೆದಿದ್ದೇನೆ. ಲಾಗಿನ್ ಪ್ರಯತ್ನವೇ ಆಗುತ್ತಿಲ್ಲ!

‘ಮೇಲ್.ಎಸ್‌ಎಂಟಿಪಿ.ಪಾಸ್‌ವರ್ಡ್’ ಎಂಬ ಪ್ರಾಪರ್ಟಿಯನ್ನು ಜಾವಾಮೇಲ್ ಓದುವುದೇ ಇಲ್ಲ. ‘ಮೇಲ್.ಎಸ್‌ಎಂಟಿಪಿ.ಆಥ್’ ಟ್ರೂ ಆಗಿರಬೇಕು, ಪಾಸ್‌ವರ್ಡನ್ನು ಆಥೆಂಟಿಕೇಟರ್ ವಸ್ತುವಿನ ಮೂಲಕ ಕೊಡಬೇಕು. ಟಾಮ್‌ಕ್ಯಾಟ್‌ನ ‘ಕಾಂಟೆಕ್ಸ್ಟ್.ಎಕ್ಸ್‌ಎಂಎಲ್’ನಲ್ಲಿ ಮೇಲ್ ಸೆಷನ್ ಘೋಷಿಸಿದ್ದರೆ, ಬರೀ ‘ಪಾಸ್‌ವರ್ಡ್’ ಎಂಬ ಹೆಸರಿನಲ್ಲಿ ಬರೆದರೆ ಸಾಕು, ಆಥೆಂಟಿಕೇಟರನ್ನು ಟಾಮ್‌ಕ್ಯಾಟೇ ಕಟ್ಟಿಕೊಡುತ್ತದೆ. ಪಾಸ್‌ವರ್ಡಿನಲ್ಲಿ ಆ್ಯಂಪರ್‌ಸ್ಯಾಂಡ್ ಇದ್ದರೆ ಎಕ್ಸ್‌ಎಂಎಲ್ ನಿಯಮದಂತೆ ಅದನ್ನು ಬಿಡಿಸಿ ಬರೆಯಬೇಕು, ಇಲ್ಲವಾದರೆ ಕಡತವೇ ತೆರೆಯದು.

ಇನ್ನೊಂದು ಸೂಕ್ಷ್ಮವಿದೆ. ಪ್ರೋಟೋಕಾಲ್ ಹೆಸರನ್ನು ‘ಎಸ್‌ಎಂಟಿಪಿಎಸ್’ ಎಂದು ಕೊಟ್ಟಿದ್ದರೆ, ಎಲ್ಲ ಪ್ರಾಪರ್ಟಿಗಳೂ ‘ಮೇಲ್.ಎಸ್‌ಎಂಟಿಪಿಎಸ್’ ಎಂದೇ ಶುರುವಾಗಬೇಕು. ಆ ಒಂದು ‘ಎಸ್’ ತಪ್ಪಿದರೆ ನೀವು ಬರೆದ ಆಥ್, ಟೈಮ್‌ಔಟ್ ಯಾವುದನ್ನೂ ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ತಪ್ಪಿದೆಯೆಂದು ಹೇಳುವುದೂ ಇಲ್ಲ.

‘ಪಿಕೆಐಎಕ್ಸ್ ಪಾತ್ ಬಿಲ್ಡಿಂಗ್ ಫೇಲ್ಡ್’ ಎಂದು ಬರುತ್ತದೆ. ಎಲ್ಲವನ್ನೂ ನಂಬು ಎಂದು ಬರೆದರೆ ಸರಿಹೋಯಿತು. ಸಾಕಲ್ಲವೇ?

ಸಾಲದು. ಸರ್ವರ್‌ನ ಸರ್ಟಿಫಿಕೇಟನ್ನು ಜಾವಾ ನಂಬುತ್ತಿಲ್ಲ ಎಂಬುದೇ ಆ ದೋಷದ ಅರ್ಥ. ‘ಎಸ್‌ಎಸ್‌ಎಲ್.ಟ್ರಸ್ಟ್’ಗೆ ನಕ್ಷತ್ರ ಚಿಹ್ನೆ ಕೊಡುವುದೆಂದರೆ ನಡುದಾರಿಯಲ್ಲಿ ಯಾರು ಬಂದು ‘ನಾನೇ ಮೇಲ್ ಸರ್ವರ್’ ಎಂದರೂ ಅವರ ಕೈಗೆ ಪಾಸ್‌ವರ್ಡ್ ಕೊಡುವುದು. ಕಂಪನಿಯ ಒಳಗಿನ ಮೇಲ್ ಸರ್ವರ್ ತನ್ನದೇ ಸರ್ಟಿಫಿಕೇಟ್ ಬಳಸುತ್ತಿದ್ದರೆ, ಅದನ್ನು ನೀಡಿದ ಮೂಲ ಸರ್ಟಿಫಿಕೇಟನ್ನು ‘ಕೀಟೂಲ್’ ಮೂಲಕ ಜಾವಾದ ‘ಸಿಎಸರ್ಟ್ಸ್’ ಕಡತಕ್ಕೆ ಸೇರಿಸಿ. ಯಾವ ಜಾವಾ ಎಂಬುದನ್ನು ಮಾತ್ರ ಖಚಿತ ಮಾಡಿಕೊಳ್ಳಿ. ಒಂದೇ ಯಂತ್ರದಲ್ಲಿ ಎರಡು ಮೂರು ಜೆಡಿಕೆ (ಜಾವಾದ ಪ್ರತಿ) ಇದ್ದು, ಟಾಮ್‌ಕ್ಯಾಟ್ ಬಳಸದ ಒಂದಕ್ಕೆ ಸೇರಿಸಿ ಕಾಯುತ್ತಾ ಕೂರುವವರು ಬಹಳ ಮಂದಿ.

ಜಾವಾ ಅಪ್‌ಡೇಟ್ ಆದ ಮರುದಿನದಿಂದ ಮೇಲ್ ನಿಂತಿದೆ. ನಾವು ಏನನ್ನೂ ಮುಟ್ಟಿಲ್ಲ.

ದೋಷ ‘ನೋ ಅಪ್ರೋಪ್ರಿಯೇಟ್ ಪ್ರೋಟೋಕಾಲ್’ ಎಂದಿದ್ದರೆ ಕಾರಣ ಸ್ಪಷ್ಟ. 2021ರ ಏಪ್ರಿಲ್‌ನಲ್ಲಿ ಬಂದ ಜಾವಾ 8ರ 291ನೇ ಅಪ್‌ಡೇಟ್ ಮತ್ತು 11.0.11ರಿಂದ ಟಿಎಲ್‌ಎಸ್ 1.0 ಹಾಗೂ 1.1 ಮುಚ್ಚಿವೆ. ಹಳೆಯ ಜಾವಾಮೇಲ್ ಮಾತ್ರ ಇನ್ನೂ 1.0 ಬೇಕೆಂದು ಹಟ ಹಿಡಿಯುತ್ತದೆ. ಜಾವಾಮೇಲ್ ಜಾರ್ (ಲೈಬ್ರರಿಯ ಕಡತ) ಅನ್ನು ಹೊಸದಕ್ಕೆ ಬದಲಿಸಿ, ತಕ್ಷಣಕ್ಕೆ ‘ಮೇಲ್.ಎಸ್‌ಎಂಟಿಪಿ.ಎಸ್‌ಎಸ್‌ಎಲ್.ಪ್ರೋಟೋಕಾಲ್ಸ್’ಗೆ ‘ಟಿಎಲ್‌ಎಸ್‌ವಿ1.2’ ಕೊಟ್ಟರೂ ನಡೆಯುತ್ತದೆ. ಜಾವಾದ ಭದ್ರತಾ ಕಡತ ತಿದ್ದಿ ಹಳೆಯ ಪ್ರೋಟೋಕಾಲ್ ಮತ್ತೆ ತೆರೆಯುವ ಸಲಹೆ ಸಿಕ್ಕರೆ ಕಿವಿಗೆ ಹಾಕಿಕೊಳ್ಳಬೇಡಿ.

## ಟಾಮ್‌ಕ್ಯಾಟ್‌ನ ಸ್ವಂತ ತೊಡಕುಗಳು

‘ಸೆಷನ್ ಅನ್ನು ಸೆಷನ್‌ಗೆ ಕ್ಯಾಸ್ಟ್ ಮಾಡಲಾಗದು’ ಎನ್ನುತ್ತದೆ. ಇದೇನು ತಮಾಷೆಯೇ?

ತಮಾಷೆಯಂತೆ ಕಂಡರೂ ನಿಜ. ಜಾವಾಮೇಲ್ ಜಾರ್ ಟಾಮ್‌ಕ್ಯಾಟ್‌ನ ‘ಲಿಬ್’ನಲ್ಲೂ ನಿಮ್ಮ ಅಪ್ಲಿಕೇಶನ್‌ನ ‘ವೆಬ್-ಇನ್ಫ್/ಲಿಬ್’ನಲ್ಲೂ ಇದೆ. ಎರಡು ಕ್ಲಾಸ್‌ಲೋಡರ್‌ಗಳು (ಕ್ಲಾಸುಗಳನ್ನು ಕಡತದಿಂದ ಮೆಮೊರಿಗೆ ತರುವ ಭಾಗಗಳು) ಒಂದೇ ಹೆಸರಿನ ಕ್ಲಾಸನ್ನು ಎರಡು ಸಲ ತಂದಿವೆ. ಜಾವಾದ ದೃಷ್ಟಿಯಲ್ಲಿ ಅವು ಬೇರೆ ಬೇರೆ. ಸೆಷನ್ ಅನ್ನು ಜೆಎನ್‌ಡಿಐ (ಟಾಮ್‌ಕ್ಯಾಟ್‌ನಲ್ಲಿ ಘೋಷಿಸಿದ್ದನ್ನು ಹೆಸರಿನಿಂದ ಹುಡುಕುವ ವ್ಯವಸ್ಥೆ) ಮೂಲಕ ಪಡೆಯುವುದಾದರೆ ಜಾರ್ ಟಾಮ್‌ಕ್ಯಾಟ್‌ನ ‘ಲಿಬ್’ನಲ್ಲಿ ಮಾತ್ರ ಇರಲಿ, ಕೋಡ್ ಕಟ್ಟುವ ಮೇವನ್ ಉಪಕರಣದಲ್ಲಿ ಅದರ ಸ್ಕೋಪ್ ‘ಪ್ರೊವೈಡೆಡ್’ ಆಗಿರಲಿ.

ಟಾಮ್‌ಕ್ಯಾಟ್ 9ರಿಂದ 10ಕ್ಕೆ ಹೋದೆವು. ಮೇಲ್ ಕ್ಲಾಸುಗಳೇ ಸಿಗುತ್ತಿಲ್ಲ.

ಟಾಮ್‌ಕ್ಯಾಟ್ 10ರಲ್ಲಿ ‘ಜಾವಾಎಕ್ಸ್.ಮೇಲ್’ ಹೋಗಿ ‘ಜಕಾರ್ತಾ.ಮೇಲ್’ ಬಂದಿದೆ. ಇಂಪೋರ್ಟ್‌ಗಳನ್ನು ಬದಲಿಸಿ, ಜಕಾರ್ತಾ ಮೇಲ್ 2ರ ಸಾಲಿನ ಜಾರ್ ಹಾಕಿ. ‘ಆ್ಯಕ್ಟಿವೇಶನ್’ ಜಾರ್ ಕೂಡ ಬೇಕು. ಜಾವಾ 11ರಿಂದ ಅದು ಜೆಡಿಕೆಯೊಳಗೆ ಇಲ್ಲ.

ಸೆಟ್ಟಿಂಗ್ ಬದಲಿಸಿದರೂ ಹಳೆಯ ಸರ್ವರ್‌ಗೇ ಹೋಗುತ್ತಿದೆ. ಕೆಲವೊಮ್ಮೆ ‘ಆ್ಯಕ್ಸೆಸ್ ಟು ಡಿಫಾಲ್ಟ್ ಸೆಷನ್ ಡಿನೈಡ್’ ಎನ್ನುತ್ತದೆ.

ಕೋಡ್‌ನಲ್ಲಿ ‘ಗೆಟ್‌ಡಿಫಾಲ್ಟ್‌ಇನ್‌ಸ್ಟನ್ಸ್’ ಇದೆಯೇ ನೋಡಿ. ಅದು ಮೊದಲ ಸಲ ಕೊಟ್ಟ ಪ್ರಾಪರ್ಟಿಗಳನ್ನು ಹಿಡಿದುಕೊಂಡು, ಆಮೇಲೆ ಕೊಟ್ಟದ್ದನ್ನೆಲ್ಲ ಬದಿಗಿಡುತ್ತದೆ. ಜಾರ್ ಟಾಮ್‌ಕ್ಯಾಟ್‌ನ ‘ಲಿಬ್’ನಲ್ಲಿದ್ದರೆ ಆ ಸೆಷನ್ ಅಲ್ಲಿರುವ ಎಲ್ಲ ಅಪ್ಲಿಕೇಶನ್‌ಗಳಿಗೂ ಸಾಮಾನ್ಯವಾಗಿಬಿಡುತ್ತದೆ. ಆಗ ಒಂದು ಅಪ್ಲಿಕೇಶನ್ ಮರುನಿಯೋಜಿಸಿದರೆ ಹೊಸ ಕ್ಲಾಸ್‌ಲೋಡರ್‌ನಿಂದ ಬಂದ ಆಥೆಂಟಿಕೇಟರ್ ಹಳೆಯದಕ್ಕೆ ಹೊಂದದೆ ‘ಡಿನೈಡ್’ ಬರುತ್ತದೆ. ‘ಗೆಟ್‌ಇನ್‌ಸ್ಟನ್ಸ್’ ಬಳಸಿ. ಅಪ್ಲಿಕೇಶನ್ ಸರ್ವರ್‌ನಲ್ಲಿ ಇನ್ನೊಂದಕ್ಕೆ ಕೆಲಸವೇ ಇಲ್ಲ.

ನೇರವಾಗಿ ಕರೆದರೆ ಮೇಲ್ ಹೋಗುತ್ತದೆ, ಕಂಪ್ಲೀಟಬಲ್‌ಫ್ಯೂಚರ್ ಒಳಗೆ ಹಾಕಿದರೆ ‘ನೋ ಆಬ್ಜೆಕ್ಟ್ ಡಿಸಿಎಚ್’ ಬರುತ್ತದೆ.

ಲಗತ್ತು ಇರುವ ಮೇಲನ್ನು ಬೈಟ್‌ಗಳಾಗಿ ಮಾಡಲು ಬೇಕಾದ ಕ್ಲಾಸುಗಳನ್ನು ಜಾವಾಮೇಲ್ ಆ ಥ್ರೆಡ್‌ನ ಕಾಂಟೆಕ್ಸ್ಟ್ ಕ್ಲಾಸ್‌ಲೋಡರ್ ಮೂಲಕ ಹುಡುಕುತ್ತದೆ. ಕಂಪ್ಲೀಟಬಲ್‌ಫ್ಯೂಚರ್ ಒಳಗಿನ ಕೆಲಸ ಹಿನ್ನೆಲೆಯ ಫೋರ್ಕ್‌ಜಾಯಿನ್ ಸಾಮಾನ್ಯ ಪೂಲ್‌ನ ಥ್ರೆಡ್‌ಗಳಲ್ಲಿ ನಡೆಯುತ್ತದೆ, ಜಾವಾ 9ರಿಂದ ಆ ಥ್ರೆಡ್‌ಗಳಿಗೆ ಸಿಸ್ಟಮ್ ಕ್ಲಾಸ್‌ಲೋಡರ್ ಇರುತ್ತದೆ. ನಿಮ್ಮ ಅಪ್ಲಿಕೇಶನ್‌ನ ಜಾರ್‌ಗಳು ಅದಕ್ಕೆ ಕಾಣವು. ಮೇಲ್‌ಗೆಂದೇ ನಿಮ್ಮದೇ ಎಕ್ಸಿಕ್ಯೂಟರ್ ಕಟ್ಟಿ, ಅದರ ಥ್ರೆಡ್‌ಗಳಿಗೆ ಅಪ್ಲಿಕೇಶನ್‌ನ ಕ್ಲಾಸ್‌ಲೋಡರ್ ಹೊಂದಿಸಿ.

## ಕನ್ನಡದಲ್ಲಿ ಕಳಿಸುವವರಿಗೆ

ವಿಷಯದ ಸಾಲಿನಲ್ಲಿ ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ. ನನ್ನ ಯಂತ್ರದಲ್ಲಿ ಸರಿಯಾಗಿಯೇ ಇತ್ತು.

ಕೆಟ್ಟದ್ದು ಹೇಗೆ ಕೆಟ್ಟಿದೆ ಎಂಬುದನ್ನು ಗಮನಿಸಿದರೆ ಕಾರಣ ಸಿಗುತ್ತದೆ. ‘ಕನ್ನಡ’ ಎಂಬ ಪದದ ಜಾಗದಲ್ಲಿ ಸರಿಯಾಗಿ ಐದು ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ (ಕ, ನ, ವಿರಾಮ, ನ, ಡ), ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳಿಗಷ್ಟೇ ಜಾಗವಿರುವ ಆಸ್ಕಿಗೆ ಇಳಿಸುವಾಗ ಕಳೆದುಕೊಂಡಿದ್ದೀರಿ. ಅವು ಮತ್ತೆ ಸಿಗುವುದಿಲ್ಲ. ‘ಸೆಟ್‌ಸಬ್ಜೆಕ್ಟ್’ಗೆ ಬರೀ ಪಠ್ಯ ಕೊಟ್ಟರೆ ಜಾವಾ ತನ್ನ ಪೂರ್ವನಿಯೋಜಿತ ಸಂಕೇತೀಕರಣ ಬಳಸುತ್ತದೆ. ಲ್ಯಾಪ್‌ಟಾಪಿನಲ್ಲಿ ಅದು ಎಲ್ಲ ಲಿಪಿಗಳಿಗೂ ಜಾಗವಿರುವ ಯುಟಿಎಫ್-8 ಆಗಿದ್ದರೂ, ಲಿನಕ್ಸಿನಲ್ಲಿ ಸೇವೆಗಳನ್ನು ಶುರು ಮಾಡುವ ಸಿಸ್ಟಮ್‌ಡಿ ಮೂಲಕ ಭಾಷೆಯ ಹೊಂದಿಕೆಯಿಲ್ಲದೆ ಶುರುವಾದ ಟಾಮ್‌ಕ್ಯಾಟ್‌ಗೆ ಆಸ್ಕಿ ಆಗಿರಬಹುದು. ಎರಡನೆಯ ಆರ್ಗ್ಯುಮೆಂಟ್ ಆಗಿ ‘ಯುಟಿಎಫ್-8’ ಎಂದು ಕೊಡಿ, ‘ಸೆಟ್‌ಟೆಕ್ಸ್ಟ್’ಗೂ ಕೊಡಿ. ಜಾವಾ 18ರಿಂದ ಯುಟಿಎಫ್-8 ಪೂರ್ವನಿಯೋಜಿತವಾಗಿದೆ, ಆದರೂ ಕೋಡ್‌ನಲ್ಲಿ ಬರೆದಿಡುವುದೇ ಮೇಲು.

ಪ್ರಶ್ನಾರ್ಥಕದ ಬದಲು ತಲೆಯ ಮೇಲೆ ಗೀಟಿರುವ ಇಂಗ್ಲಿಷಿನ ‘ಎ’, ಅದರ ಹಿಂದೆಯೇ ಪುಟ್ಟ 2 ಅಥವಾ 3, ಹೀಗೆ ಸಾಲುಗಟ್ಟಿ ಬಂದರೆ ಕಥೆ ಬೇರೆ. ಕನ್ನಡದ ಪ್ರತಿ ಅಕ್ಷರವೂ ಯುಟಿಎಫ್-8ರಲ್ಲಿ ಮೂರು ಬೈಟ್. ಆ ಬೈಟ್‌ಗಳನ್ನು ಯಾರೋ ಲ್ಯಾಟಿನ್-1 ಎಂದು ಓದಿದ್ದಾರೆ. ಟಾಮ್‌ಕ್ಯಾಟ್ 9ರಲ್ಲಿ ಪೋಸ್ಟ್ ಮಾಡಿದ ಫಾರಂ ಹಾಗೆ ಓದಲ್ಪಡುವುದು ತೀರಾ ಸಾಮಾನ್ಯ. ಮೊದಲ ಪ್ಯಾರಾಮೀಟರ್ ಓದುವ ಮುಂಚೆಯೇ ರಿಕ್ವೆಸ್ಟ್‌ಗೆ ‘ಸೆಟ್‌ಕ್ಯಾರೆಕ್ಟರ್‌ಎನ್‌ಕೋಡಿಂಗ್’ ಕರೆಯಬೇಕು. ತಪ್ಪು ಮೇಲ್‌ನದ್ದಲ್ಲ, ಫಾರಂನದ್ದು.

ಲಗತ್ತಿಸಿದ ಪಿಡಿಎಫ್‌ನ ಹೆಸರು ಕನ್ನಡದಲ್ಲಿರಬಹುದೇ?

ಇರಬಹುದು. ‘ಮೇಲ್.ಮೈಮ್.ಕ್ಯಾರ್‌ಸೆಟ್’ ಎಂಬ ಸಿಸ್ಟಮ್ ಪ್ರಾಪರ್ಟಿಗೆ ಯುಟಿಎಫ್-8 ಕೊಡಿ. ಆದರೂ ಹಳೆಯ ಮೇಲ್ ತಂತ್ರಾಂಶಗಳು ಹೆಸರನ್ನು ಕೆಡಿಸುವುದುಂಟು. ರಸೀದಿಯಂಥ ಮುಖ್ಯ ಕಡತಕ್ಕೆ ಇಂಗ್ಲಿಷ್ ಅಕ್ಷರ ಮತ್ತು ಸಂಖ್ಯೆಯ ಹೆಸರೇ ಇರಲಿ, ಒಳಗಿನ ಪಠ್ಯ ಕನ್ನಡದಲ್ಲಿರಲಿ.

ಗ್ರಾಹಕರ ಇಮೇಲ್ ವಿಳಾಸವೇ ಕನ್ನಡದಲ್ಲಿದ್ದರೆ?

‘.ಭಾರತ’ ಎಂಬ ಕನ್ನಡ ಲಿಪಿಯ ಡೊಮೇನ್ ಇದೆ, ಹಾಗಾಗಿ ಇದು ಊಹೆಯ ಪ್ರಶ್ನೆಯಲ್ಲ. ‘ಆ್ಯಟ್’ ಚಿಹ್ನೆಯ ಬಲಗಡೆಯ ಭಾಗವನ್ನು ಪ್ಯೂನಿಕೋಡ್ (ಇಂಗ್ಲಿಷ್ ಅಕ್ಷರಗಳ ರೂಪ) ಮಾಡಿ ಕಳಿಸಬಹುದು. ಎಡಗಡೆಯದಕ್ಕೆ ಆ ದಾರಿಯಿಲ್ಲ. ಅದಕ್ಕೆ 2012ರ ಆರ್‌ಎಫ್‌ಸಿ 6531ರ ‘ಎಸ್‌ಎಂಟಿಪಿಯುಟಿಎಫ್8’ ಸೌಲಭ್ಯ ದಾರಿಯ ಪ್ರತಿ ಸರ್ವರ್‌ನಲ್ಲೂ ಇರಬೇಕು. ಜಾವಾಮೇಲ್ 1.6ರಿಂದ ‘ಮೇಲ್.ಮೈಮ್.ಅಲೌಯುಟಿಎಫ್8’ ಎಂಬ ಪ್ರಾಪರ್ಟಿ ಇದಕ್ಕಾಗಿಯೇ ಇದೆ. ನಿಮ್ಮ ನೋಂದಣಿ ಫಾರಂ ಇಂಥ ವಿಳಾಸವನ್ನು ‘ಅಮಾನ್ಯ’ ಎಂದು ತಳ್ಳುತ್ತಿದೆಯೇ ಎಂಬುದನ್ನೂ ನೋಡಿ.

## ಹೋದ ಮೇಲ್ ತಲುಪದಿದ್ದರೆ

ಲಾಗ್‌ನಲ್ಲಿ 250 ಇದೆ. ಇನ್‌ಬಾಕ್ಸಿನಲ್ಲಿ ಇಲ್ಲ, ಸ್ಪ್ಯಾಮ್‌ನಲ್ಲೂ ಇಲ್ಲ.

250 ಹೇಳಿದ ಸರ್ವರ್ ಯಾವುದು? ನಿಮ್ಮದೇ ಯಂತ್ರದ ಪೋಸ್ಟ್‌ಫಿಕ್ಸ್ ಆಗಿದ್ದರೆ ಅದರ ಲಾಗ್‌ನಲ್ಲಿ ಸ್ಥಿತಿ ‘ಸೆಂಟ್’, ‘ಡೆಫರ್ಡ್’, ‘ಬೌನ್ಸ್ಡ್’ ಇವುಗಳಲ್ಲಿ ಯಾವುದೆಂದು ನೋಡಿ. ಹೊರಗಿನ ಸೇವೆಯಾದರೆ ಅವರ ವರದಿ ಪುಟ ನೋಡಬೇಕು.

ಆಮೇಲೆ ಡಿಎನ್‌ಎಸ್, ಅಂದರೆ ನಿಮ್ಮ ಡೊಮೇನ್‌ನ ಸಾರ್ವಜನಿಕ ದಾಖಲೆಗಳು. ನಿಮ್ಮ ಡೊಮೇನ್ ಪರವಾಗಿ ಯಾರು ಕಳಿಸಬಹುದು ಎಂದು ಎಸ್‌ಪಿಎಫ್ ಹೇಳುತ್ತದೆ, ಮೇಲ್‌ಗೆ ಡಿಕೆಐಎಂ ಸಹಿ ಹಾಕುತ್ತದೆ, ಇವು ‘ಫ್ರಮ್’ ವಿಳಾಸದ ಡೊಮೇನ್‌ಗೆ ಹೊಂದದಿದ್ದರೆ ಏನು ಮಾಡಬೇಕೆಂದು ಡಿಮಾರ್ಕ್ ಹೇಳುತ್ತದೆ. 2024ರ ಫೆಬ್ರುವರಿಯಿಂದ ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಮೇಲ್ ಕಳಿಸುವವರಿಗೆ ಈ ಮೂರೂ ಕಡ್ಡಾಯ. ಕಡಿಮೆ ಕಳಿಸುವವರಿಗೂ ಎಸ್‌ಪಿಎಫ್ ಅಥವಾ ಡಿಕೆಐಎಂ ಬೇಕೇ ಬೇಕು.

ಎಸ್‌ಪಿಎಫ್‌ನಲ್ಲಿ ಎರಡು ತಪ್ಪುಗಳು ಸದಾ ಕಾಣುತ್ತವೆ. ಹೊಸ ಸೇವೆ ಸೇರಿಸುವಾಗ ಹಳೆಯ ದಾಖಲೆ ತಿದ್ದುವ ಬದಲು ಎರಡನೆಯ ದಾಖಲೆ ಬರೆಯುವುದು ಒಂದು. ಎರಡಿದ್ದರೆ ಎರಡೂ ನಿಷ್ಪ್ರಯೋಜಕ. ಒಂದರೊಳಗೊಂದು ‘ಇನ್‌ಕ್ಲೂಡ್’ ಸೇರಿಸುತ್ತಾ ಹೋಗಿ ಡಿಎನ್‌ಎಸ್ ಹುಡುಕಾಟದ ಮಿತಿಯಾದ 10ನ್ನು ದಾಟುವುದು ಇನ್ನೊಂದು.

‘ನಮ್ಮನ್ನು ಸಂಪರ್ಕಿಸಿ’ ಫಾರಂನಲ್ಲಿ ಕೆಲವರು ಬರೆದದ್ದು ಬರುತ್ತದೆ, ಕೆಲವರದು ಬರುವುದಿಲ್ಲ.

ಬರೆದವರ ವಿಳಾಸವನ್ನೇ ‘ಫ್ರಮ್’ ಜಾಗದಲ್ಲಿ ಹಾಕುತ್ತಿದ್ದೀರಿ. ಯಾಹೂ ವಿಳಾಸದ ಹೆಸರಿನಲ್ಲಿ ನಿಮ್ಮ ಸರ್ವರ್ ಮೇಲ್ ಕಳಿಸಿದರೆ ಅದು ನಕಲಿಯೆಂದೇ ಲೆಕ್ಕ. 2014ರ ಏಪ್ರಿಲ್‌ನಲ್ಲಿ ಯಾಹೂ ತನ್ನ ಡಿಮಾರ್ಕ್ ನೀತಿಯನ್ನು ‘ತಿರಸ್ಕರಿಸಿ’ ಎಂದು ಬಿಗಿ ಮಾಡಿತು. ‘ಫ್ರಮ್’ನಲ್ಲಿ ನಿಮ್ಮ ಡೊಮೇನ್‌ನ ವಿಳಾಸ ಇರಲಿ, ಬರೆದವರದು ‘ರಿಪ್ಲೈ-ಟು’ಗೆ ಹೋಗಲಿ. ಉತ್ತರ ಕೊಡುವಾಗ ಯಾವ ವ್ಯತ್ಯಾಸವೂ ಗೊತ್ತಾಗುವುದಿಲ್ಲ.

ಬೌನ್ಸ್ ಆದ ಮೇಲ್ ಎಲ್ಲಿಗೆ ವಾಪಸು ಬರುತ್ತದೆ?

ಲಕೋಟೆಯ ಮೇಲಿನ ವಿಳಾಸಕ್ಕೆ (ಸರ್ವರ್ ಜೊತೆಗಿನ ಸಂಭಾಷಣೆಯಲ್ಲಿ ಕಳಿಸುವವರದೆಂದು ಕೊಟ್ಟದ್ದು), ‘ಫ್ರಮ್’ಗಲ್ಲ. ಅದನ್ನು ‘ಮೇಲ್.ಎಸ್‌ಎಂಟಿಪಿ.ಫ್ರಮ್’ನಲ್ಲಿ ಕೊಡಿ, ಯಾರಾದರೂ ತೆರೆದು ನೋಡುವ ಪೆಟ್ಟಿಗೆಯನ್ನೇ ಕೊಡಿ. ಅಸ್ತಿತ್ವದಲ್ಲೇ ಇಲ್ಲದ ‘ನೋರಿಪ್ಲೈ’ ವಿಳಾಸ ಕೊಟ್ಟರೆ ಏಕೆ ತಲುಪಲಿಲ್ಲ ಎಂಬ ಕಾರಣವನ್ನು ನೀವೇ ಬಿಸಾಡಿದಂತೆ.

‘ರಿಲೇ ಆ್ಯಕ್ಸೆಸ್ ಡಿನೈಡ್’ ಎಂದರೇನು?

ಮೇಲ್ ಸರ್ವರ್‌ಗೆ ನಿಮ್ಮ ಪರಿಚಯವಿಲ್ಲ. ಲಾಗಿನ್ ಆಗಿ, ಅಥವಾ ನಿಮ್ಮ ಐಪಿಯನ್ನು ಪೋಸ್ಟ್‌ಫಿಕ್ಸ್‌ನ ‘ಮೈನೆಟ್‌ವರ್ಕ್ಸ್’ಗೆ ಸೇರಿಸಿ. ಇಡೀ ಜಗತ್ತಿಗೆ ಬಾಗಿಲು ತೆರೆದಿಡಬೇಡಿ. ಸ್ಪ್ಯಾಮ್‌ನವರು ಹುಡುಕಿಕೊಂಡು ಬರುತ್ತಾರೆ.

ಹತ್ತು ಜನರಿಗೆ ಒಂದೇ ಮೇಲ್. ಒಬ್ಬರ ವಿಳಾಸ ತಪ್ಪಿದ್ದಕ್ಕೆ ಯಾರಿಗೂ ಹೋಗಲಿಲ್ಲ.

ಜಾವಾಮೇಲ್‌ನ ರೂಢಿಯೇ ಹಾಗೆ. ‘ಸೆಂಡ್‌ಪಾರ್ಶಿಯಲ್’ ಟ್ರೂ ಮಾಡಿದರೆ ಉಳಿದವರಿಗೆ ಹೋಗುತ್ತದೆ. ಆಗಲೂ ಎಕ್ಸೆಪ್ಶನ್ ಬರುತ್ತದೆ. ಯಾರಿಗೆ ಹೋಯಿತು, ಯಾರಿಗೆ ಇಲ್ಲ ಎಂಬ ಪಟ್ಟಿ ಅದರೊಳಗೇ ಇರುತ್ತದೆ.

## ಹೊರೆ ಹೆಚ್ಚಾದಾಗ

ಮೇಲ್ ಸರ್ವರ್ ನಿಧಾನವಾದರೆ ನಮ್ಮ ಇಡೀ ಅಪ್ಲಿಕೇಶನ್ ಏಕೆ ನಿಂತುಹೋಗುತ್ತದೆ?

ಸಂಪರ್ಕಕ್ಕೆ, ಓದಲು, ಬರೆಯಲು ಎಷ್ಟು ಹೊತ್ತು ಕಾಯಬೇಕೆಂದು ನೀವು ಹೇಳದಿದ್ದರೆ ಜಾವಾಮೇಲ್ ಕೊನೆಯಿಲ್ಲದೆ ಕಾಯುತ್ತದೆ. ಟಾಮ್‌ಕ್ಯಾಟ್‌ನಲ್ಲಿ ಪೂರ್ವನಿಯೋಜಿತವಾಗಿ ಇರುವುದು 200 ಥ್ರೆಡ್. ‘ಪಾಸ್‌ವರ್ಡ್ ಮರೆತಿದ್ದೇನೆ’ ಗುಂಡಿ ಒತ್ತಿದವರ ಥ್ರೆಡ್‌ಗಳು ಒಂದೊಂದಾಗಿ ಮೇಲ್ ಸರ್ವರ್‌ನ ಮುಂದೆ ಕಾಯುತ್ತಾ ನಿಂತರೆ, ಮೇಲ್‌ಗೆ ಸಂಬಂಧವೇ ಇಲ್ಲದ ಮುಖಪುಟವೂ ತೆರೆಯುವುದಿಲ್ಲ. ‘ಜೆಸ್ಟ್ಯಾಕ್’ನಿಂದ ಥ್ರೆಡ್ ಡಂಪ್ ತೆಗೆದರೆ ಎಲ್ಲವೂ ಎಸ್‌ಎಂಟಿಪಿ ಕ್ಲಾಸಿನೊಳಗೆ ಸಾಕೆಟ್ ಓದುತ್ತಾ ನಿಂತಿರುವುದು ಕಾಣುತ್ತದೆ.

‘ಕನೆಕ್ಷನ್‌ಟೈಮ್‌ಔಟ್’, ‘ಟೈಮ್‌ಔಟ್’, ‘ರೈಟ್‌ಟೈಮ್‌ಔಟ್’ ಮೂರನ್ನೂ ಕೊಡಿ. ಅಳತೆ ಮಿಲಿಸೆಕೆಂಡಿನಲ್ಲಿ, 10 ಎಂದು ಬರೆದು ಹತ್ತು ಸೆಕೆಂಡ್ ಎಂದುಕೊಳ್ಳಬೇಡಿ, ಅದು 10000. ಇಷ್ಟು ಮಾಡಿದ ಮೇಲೆ, ಮೇಲ್ ಕಳಿಸುವ ಕೆಲಸವನ್ನೇ ಬಳಕೆದಾರರ ರಿಕ್ವೆಸ್ಟ್‌ನಿಂದ ಹೊರಗೆ ತೆಗೆಯಿರಿ.

ಆರ್ಡರ್ ಉಳಿಯಲೇ ಇಲ್ಲ, ದೃಢೀಕರಣದ ಮೇಲ್ ಮಾತ್ರ ಹೋಗಿಬಿಟ್ಟಿತು. ಇದನ್ನು ತಡೆಯುವುದು ಹೇಗೆ?

ಡೇಟಾಬೇಸ್ ವ್ಯವಹಾರವನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು, ಹೋದ ಮೇಲನ್ನು ತೆಗೆದುಕೊಳ್ಳಲಾಗದು. ಮೇಲ್ ಕಳಿಸುವ ಬದಲು, ಕಳಿಸಬೇಕಾದ ಮೇಲನ್ನು ಒಂದು ಟೇಬಲ್‌ನಲ್ಲಿ, ಅದೇ ಟ್ರಾನ್ಸಾಕ್ಷನ್‌ನೊಳಗೆ ಬರೆಯಿರಿ. ಆರ್ಡರ್ ಉಳಿದರೆ ಸಾಲೂ ಉಳಿಯುತ್ತದೆ, ಆರ್ಡರ್ ಹೋದರೆ ಸಾಲೂ ಹೋಗುತ್ತದೆ. ಹಿನ್ನೆಲೆಯ ಕೆಲಸವೊಂದು ಆ ಟೇಬಲ್ ಓದಿ ಕಳಿಸುತ್ತಾ ಹೋಗಲಿ. ಇದಕ್ಕೆ ದೊಡ್ಡ ಸಂದೇಶ ಸರತಿ ವ್ಯವಸ್ಥೆಯೇ ಬೇಕೆಂದು ವಾದಿಸುವವರಿದ್ದಾರೆ. ಬಹುಪಾಲು ಅಪ್ಲಿಕೇಶನ್‌ಗಳಿಗೆ ಒಂದು ಟೇಬಲ್ ಧಾರಾಳವಾಗಿ ಸಾಕು.

ಒಬ್ಬರಿಗೇ ಎರಡೆರಡು ಮೇಲ್ ಹೋಗುತ್ತಿದೆ.

ಸರ್ವರ್‌ಗಳು ಎರಡಾದ ಮೇಲೆ ಶುರುವಾಗಿದ್ದರೆ, ಎರಡರಲ್ಲೂ ಅದೇ ಶೆಡ್ಯೂಲರ್ ಓಡುತ್ತಿದೆ. ಸಾಲನ್ನು ಎತ್ತಿಕೊಳ್ಳುವಾಗಲೇ ಲಾಕ್ ಮಾಡಬೇಕು. ಒಂದೇ ಸರ್ವರ್‌ನಲ್ಲೂ ಹೀಗಾಗುವುದುಂಟು: ಮೇಲ್‌ನ ಒಡಲು ಪೂರ್ತಿ ಹೋಗಿ, ಕೊನೆಯ 250 ಬರುವ ಮುಂಚೆ ಟೈಮ್‌ಔಟ್ ಆದರೆ, ನೀವು ಸೋಲು ಎಂದುಕೊಂಡು ಮತ್ತೆ ಕಳಿಸುತ್ತೀರಿ, ಅತ್ತ ಸರ್ವರ್ ಮೊದಲನೆಯದನ್ನೂ ಒಪ್ಪಿಕೊಂಡಿರುತ್ತದೆ. ಇದನ್ನು ಪೂರ್ತಿ ತಪ್ಪಿಸಲಾಗದು. ಓದುವ ಟೈಮ್‌ಔಟನ್ನು ತೀರಾ ಬಿಗಿ ಮಾಡದಿದ್ದರೆ ಅಪರೂಪವಾಗುತ್ತದೆ.

450, 421 ಬಂದರೆ ಬಿಟ್ಟುಬಿಡಬೇಕೇ, ಮತ್ತೆ ಪ್ರಯತ್ನಿಸಬೇಕೇ?

4ರಿಂದ ಶುರುವಾದರೆ ತಾತ್ಕಾಲಿಕ, ಮತ್ತೆ ಪ್ರಯತ್ನಿಸಿ. ಕೆಲವು ಸರ್ವರ್‌ಗಳು ಅಪರಿಚಿತರನ್ನು ಮೊದಲ ಸಲ ಬೇಕೆಂದೇ ವಾಪಸು ಕಳಿಸುತ್ತವೆ, ಸ್ವಲ್ಪ ಹೊತ್ತಿನ ನಂತರ ಬಂದರೆ ಒಳಗೆ ಬಿಡುತ್ತವೆ. 5ರಿಂದ ಶುರುವಾದರೆ ಅದೇ ಮೇಲನ್ನು ಮತ್ತೆ ಕಳಿಸಿ ಪ್ರಯೋಜನವಿಲ್ಲ, ಹೆಸರೂ ಕೆಡುತ್ತದೆ. ಜಾವಾಮೇಲ್ ತಾನಾಗಿ ಮರುಪ್ರಯತ್ನ ಮಾಡುವುದಿಲ್ಲ. ಅದನ್ನು ಬರೆಯಲು ಸಮಯವಿಲ್ಲವೆಂದರೆ ಟಾಮ್‌ಕ್ಯಾಟ್ ಪಕ್ಕದಲ್ಲೇ ಒಂದು ಪೋಸ್ಟ್‌ಫಿಕ್ಸ್ ಕೂರಿಸಿ, ಮೇಲನ್ನು ಅದಕ್ಕೆ ಒಪ್ಪಿಸಿ. ಪೂರ್ವನಿಯೋಜಿತವಾಗಿ 5 ದಿನಗಳವರೆಗೆ ಅದು ಪ್ರಯತ್ನಿಸುತ್ತಲೇ ಇರುತ್ತದೆ. ಒಟಿಪಿಗೆ ಮಾತ್ರ ಈ ತಾಳ್ಮೆ ಬೇಡ. ನಾಲ್ಕು ದಿನದ ನಂತರ ಬಂದ ಒಟಿಪಿ ಯಾರಿಗೆ ಬೇಕು?

ಸಾವಿರಾರು ಜನರಿಗೆ ಕಳಿಸುವಾಗ ಬಹಳ ನಿಧಾನ. ವೇಗ ಹೆಚ್ಚಿಸುವುದು ಹೇಗೆ?

‘ಟ್ರಾನ್ಸ್‌ಪೋರ್ಟ್.ಸೆಂಡ್’ ಪ್ರತಿ ಮೇಲ್‌ಗೂ ಹೊಸ ಸಂಪರ್ಕ, ಹೊಸ ಟಿಎಲ್‌ಎಸ್, ಹೊಸ ಲಾಗಿನ್ ಮಾಡುತ್ತದೆ. ಒಂದು ಟ್ರಾನ್ಸ್‌ಪೋರ್ಟ್ ವಸ್ತು ಪಡೆದು, ಒಮ್ಮೆ ‘ಕನೆಕ್ಟ್’ ಮಾಡಿ, ಪ್ರತಿ ಮೇಲ್‌ಗೂ ‘ಸೆಂಡ್‌ಮೆಸೇಜ್’ ಕರೆಯಿರಿ. ಈ ದಾರಿಯಲ್ಲಿ ‘ಸೇವ್‌ಚೇಂಜಸ್’ ಅನ್ನು ನೀವೇ ಕರೆಯಬೇಕು, ಇಲ್ಲದಿದ್ದರೆ ಮೆಸೇಜ್-ಐಡಿಯಂಥ ಹೆಡರ್‌ಗಳು ತುಂಬುವುದಿಲ್ಲ. ಕೆಲವು ಸರ್ವರ್‌ಗಳು ಒಂದು ಸಂಪರ್ಕದಲ್ಲಿ ಇಂತಿಷ್ಟೇ ಮೇಲ್ ಎಂದು ಮಿತಿ ಹಾಕಿ 421 ಹೇಳಿ ಮುಚ್ಚುತ್ತವೆ. ಆಗ ಮತ್ತೆ ಸಂಪರ್ಕಿಸುವ ಕೋಡ್ ಇರಲಿ. ವೈಯಕ್ತಿಕ ಜಿಮೇಲ್ ಖಾತೆಯ ಮಿತಿ ದಿನಕ್ಕೆ 500. ಹೊಸ ಎಸ್‌ಇಎಸ್ ಖಾತೆ ಸ್ಯಾಂಡ್‌ಬಾಕ್ಸ್ ಎಂಬ ಪ್ರಯೋಗದ ಹಂತದಲ್ಲಿರುವಾಗ 24 ಗಂಟೆಗೆ 200, ಅದೂ ನೀವು ಮೊದಲೇ ದೃಢೀಕರಿಸಿದ ವಿಳಾಸಗಳಿಗೆ ಮಾತ್ರ. ವೇಗದ ಕೋಡ್ ಬರೆಯುವ ಮುಂಚೆ ಆ ಮಿತಿ ಏರಿಸಲು ಅರ್ಜಿ ಹಾಕಿ, ಒಪ್ಪಿಗೆ ಬರಲು ಸಮಯ ಹಿಡಿಯುತ್ತದೆ.